ಮೂರನೇ ಮಹಡಿಯ ಚೀಲ

ನನ್ನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಫಿರಂಗಿ ಅನ್ನುತ್ತಾರೆ. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ, ನಾನು ಬೆನ್ನು ತಿರುಗಿಸಿದ ಮೇಲೆ ಅನ್ನುತ್ತಾರೆ. ಕಿವಿ ಚುರುಕಾಗಿರುವುದರಿಂದ ಕೇಳಿಸುತ್ತದೆ. ಬೇಸರವೇನಿಲ್ಲ. ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೂರು ಒಗೆಯುವ ಯಂತ್ರಗಳು ಹಗಲೆಲ್ಲ ಗುಡುಗುತ್ತಿರುವಾಗ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಬಾಯ್ಲರಿನ ಪೈಪು ಸೋರುತ್ತಿದೆ ಎಂದು ಹತ್ತು ಸಲ ಹೇಳಿ ಹೇಳಿ ಸಾಕಾಗಿ, ತೊಟ್ಟಿಕ್ಕುವ ಹಾಸಿಗೆ ಬಟ್ಟೆಯನ್ನು ಹೊತ್ತುಕೊಂಡು ಹೋಗಿ ಸೂಪರಿಂಟೆಂಡೆಂಟರ ಮೇಜಿನ ಮೇಲೆ ಇಟ್ಟು ಬಂದವಳು ನಾನು. ಮರುದಿನ ಬೆಳಿಗ್ಗೆ ಪೈಪು ರಿಪೇರಿಯಾಗಿತ್ತು.

ಇಂಥ ನಾನು ಒಂದು ಅಂಗೈಯಗಲದ ಚೀಟಿಗೆ ಹೆದರುತ್ತಿದ್ದೆ.

ವರ್ಷಕ್ಕೊಮ್ಮೆ ಆ ಚೀಟಿ ಬರುತ್ತದೆ. ನಲವತ್ತೈದು ದಾಟಿದ ಹೆಂಗಸು ನೌಕರರೆಲ್ಲ ಮೂರನೇ ಮಹಡಿಗೆ ಹೋಗಿ ಎದೆಯ ತಪಾಸಣೆ ಮಾಡಿಸಿಕೊಳ್ಳಿ, ಗಡ್ಡೆ ಕೈಗೆ ಸಿಗುವ ಮೊದಲೇ ಎಕ್ಸ್‌ರೇಯಲ್ಲಿ ಕಾಣುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಲಾಂಡ್ರಿಯ ಐದು ಜನರಲ್ಲಿ ಒಬ್ಬರೂ ಹೋಗಿರಲಿಲ್ಲ. ಯಾಕೆಂದರೆ ನಾನು ಬೇಡ ಅಂದಿದ್ದೆ. ಬರೀ ಬಾಯಿಮಾತಿಗೆ ಅಂದಿರಲಿಲ್ಲ, ಸಾಕ್ಷಿ ತೋರಿಸಿ ಅಂದಿದ್ದೆ.

ನನ್ನ ಕೆಲಸ ಬಟ್ಟೆ ವಿಂಗಡಿಸುವುದು. ಮೇಲಿನಿಂದ ಕೊಳೆ ಬಟ್ಟೆಯ ಚೀಲಗಳು ಲಿಫ್ಟಿನಲ್ಲಿ ಇಳಿಯುತ್ತವೆ, ಪ್ರತಿ ಚೀಲದ ಕುತ್ತಿಗೆಗೂ ಮಹಡಿಯ ನಂಬರು ಕಟ್ಟಿರುತ್ತದೆ. ನಾನು ಚೀಲವನ್ನು ಮೇಜಿನ ಮೇಲೆ ಸುರಿದು, ರಕ್ತದ್ದು ತಣ್ಣೀರಿನ ತೊಟ್ಟಿಗೆ, ಔಷಧಿ ಕಲೆಯದ್ದು ಸೋಡಾಕ್ಕೆ, ಬರೀ ಬೆವರಿನದ್ದು ನೇರ ಯಂತ್ರಕ್ಕೆ ಎಂದು ಬೇರೆ ಮಾಡುತ್ತೇನೆ. ಜೇಬುಗಳಲ್ಲಿ ಕನ್ನಡಕ ಸಿಕ್ಕಿವೆ, ಕಟ್ಟಿಸಿದ ಹಲ್ಲು ಸಿಕ್ಕಿವೆ, ಒಮ್ಮೆ ಅರ್ಧ ಬರೆದ ಪ್ರೇಮಪತ್ರವೂ ಸಿಕ್ಕಿತ್ತು. ರೋಗಿ ಯಾರೆಂದು ಗೊತ್ತಿಲ್ಲದಿದ್ದರೂ ಏನಾಯಿತೆಂದು ಬಟ್ಟೆ ನೋಡಿ ಹೇಳಬಲ್ಲೆ ಎಂದು ನನಗೆ ದೊಡ್ಡ ಜಂಬ. ಬಟ್ಟೆ ಸುಳ್ಳು ಹೇಳುವುದಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಮೂರನೇ ಮಹಡಿಯ ಚೀಲದಲ್ಲಿ ಮುಂಭಾಗ ತೆರೆದು ದಾರದಿಂದ ಕಟ್ಟಿಕೊಳ್ಳುವ ತಿಳಿ ಗುಲಾಬಿ ಗೌನುಗಳು ಬರುತ್ತಿದ್ದವು. ತಪಾಸಣೆಗೆ ಹೋದವರು ತೊಡುವ ಗೌನು ಅದು ಎಂದು ನಮಗೆ ಗೊತ್ತಿತ್ತು. ಅದರ ಮೇಲೆ ಎದೆಯ ಹತ್ತಿರ ರಕ್ತ. ಕೆಲವದರಲ್ಲಿ ಸ್ವಲ್ಪ, ಕೆಲವದರಲ್ಲಿ ಅಂಗೈಯಷ್ಟು. ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ ಎಂದು ಬೇರೆಯವರಿಂದ ಕೇಳಿದ್ದೆವು. ಒತ್ತುವುದು, ಮೇಲೆ ರಕ್ತ. ಇನ್ನೇನು ಹೇಳಬೇಕು? ನಾವು ಅದಕ್ಕೆ ಹಿಂಡುವ ಯಂತ್ರ ಎಂದು ಹೆಸರಿಟ್ಟೆವು.

ಹೋದ ವರ್ಷ ನನ್ನ ಓರಗಿತ್ತಿಗೆ ಮೊದಲ ಸಲ ಚೀಟಿ ಬಂತು. ಮೈದುನನ ಹೆಂಡತಿ ಅವಳು, ನಮ್ಮಲ್ಲೇ ಇಸ್ತ್ರಿ ಮತ್ತು ರಿಪೇರಿ ಹೊಲಿಗೆ ಮಾಡುತ್ತಾಳೆ. ಕೆಲಸಕ್ಕೆ ಸೇರಿಸಿದವಳು ನಾನೇ. ಮೆತ್ತಗಿನ ಹೆಣ್ಣು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ಸಾರಿಗೆ ಉಪ್ಪು ಹಾಕಬೇಕಾದರೂ ಹಾಕಲಾ ಅಕ್ಕಾ ಎಂದು ಕೇಳುತ್ತಿದ್ದಳು. ಚೀಟಿ ಹಿಡಿದು ಬಂದು, ಹೋಗಲಾ ಅಕ್ಕಾ ಎಂದು ಕೇಳಿದಳು. ಆಗಷ್ಟೇ ಸುರಿದಿದ್ದ ರಾಶಿಯಿಂದ ರಕ್ತ ಮೆತ್ತಿದ ಗೌನೊಂದನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದೆ. ಅವಳ ಬಣ್ಣ ಇಳಿಯಿತು. ಚೀಟಿಯನ್ನು ಮಡಚಿ ಸೂಜಿಯ ಡಬ್ಬಿಯೊಳಗೆ ಇಟ್ಟುಕೊಂಡು ತನ್ನ ಮೇಜಿಗೆ ಹೋದಳು. ನನ್ನ ಮಾತು ನಡೆಯಿತು ಎಂದು ನನಗೆ ಆಗ ಖುಷಿಯೇ ಆಗಿತ್ತು.

ಈ ವರ್ಷದ ಚೀಟಿ ಒಂದು ಸೋಮವಾರ ಬಂತು. ನನ್ನದನ್ನು ಎಂದಿನಂತೆ ಸೋಡಾ ಡಬ್ಬಿಯ ಕೆಳಗೆ ತಳ್ಳಿದೆ. ಊಟದ ಹೊತ್ತಿಗೆ ಮುಂಚೆ ಓರಗಿತ್ತಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮೂರನೇ ಮಹಡಿಯ ಚೀಲ ಸುರಿಯುವ ಹೊತ್ತು ಅದು.

"ಅಕ್ಕಾ, ಗುಲಾಬಿ ಗೌನೆಲ್ಲ ಬೇರೆ ತೆಗೀರಿ. ಕುತ್ತಿಗೆಯ ಒಳಮಡಿಕೆ ನೋಡಿ, ಹಸಿರು ದಾರ ಇದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ ಹಾಕಿ."

ಎಂಥ ಹಸಿರು ದಾರ ಎಂದು ಕೇಳಿದೆ. ನೀವೇ ನೋಡಿ ಅಂದಳು. ಉಳಿದ ಮೂವರೂ ಕೆಲಸ ಬಿಟ್ಟು ಸುತ್ತ ಸೇರಿದರು. ಅವರ ಮುಂದೆ ಆಗುವುದಿಲ್ಲ ಅನ್ನುವುದಾದರೂ ಹೇಗೆ? ಕೈಗವಸು ಹಾಕಿಕೊಂಡು ಒಂದೊಂದೇ ಗೌನಿನ ಕುತ್ತಿಗೆ ಮಗುಚಿದೆ. ಇತ್ತು. ಅಕ್ಕಿಕಾಳಿನಷ್ಟು ಉದ್ದದ ಎರಡು ಹಸಿರು ಹೊಲಿಗೆ, ಒಳಗಡೆ, ಹುಡುಕಿದರೆ ಮಾತ್ರ ಕಾಣುವ ಹಾಗೆ. ಕೆಲವದರಲ್ಲಿ ಇರಲಿಲ್ಲ. ಎರಡು ರಾಶಿಯಾಯಿತು.

ದಾರವಿಲ್ಲದ ರಾಶಿ ಚಿಕ್ಕದು, ಹತ್ತೋ ಹನ್ನೊಂದೋ. ರಕ್ತವೆಲ್ಲ ಅದರಲ್ಲೇ ಇತ್ತು. ಹಸಿರು ದಾರದ ರಾಶಿಯಲ್ಲಿ ಮೂವತ್ತೊಂದು ಗೌನುಗಳಿದ್ದವು, ಒಂದರ ಮೇಲೂ ಒಂದು ಹನಿ ಇಲ್ಲ. ಒಂದಕ್ಕೆ ತುಟಿಬಣ್ಣ ತಾಗಿತ್ತು. ಒಂದರ ತೋಳಿನ ಮೇಲೆ ಚಹಾ ಚೆಲ್ಲಿತ್ತು.

ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಹೋದ ವರ್ಷ ನನ್ನ ಮಾತಿಗೆ ಹೆದರಿ ಸುಮ್ಮನಾದವಳಿಗೆ ಮನಸ್ಸು ಮಾತ್ರ ಸುಮ್ಮನಿರಲಿಲ್ಲವಂತೆ. ಗೌನುಗಳ ಹರಿದ ದಾರ ಹೊಲಿಯುವವಳು ಅವಳೇ ಅಲ್ಲವೇ, ಇಸ್ತ್ರಿಯಾದ ಗೌನು ಮೇಲೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ನೋಡಲು ಒಂದು ದಿನ ಟ್ರಾಲಿಯ ಹಿಂದೆಯೇ ಹೋದಳಂತೆ. ಮೂರನೇ ಮಹಡಿಯಲ್ಲಿ ಒಂದೇ ಕಪಾಟು. ಅದೇ ಗೌನು ತಪಾಸಣೆ ಕೋಣೆಗೂ ಹೋಗುತ್ತದೆ, ಪಕ್ಕದ ಹೃದಯದ ಆಪರೇಷನ್ ವಾರ್ಡಿಗೂ ಹೋಗುತ್ತದೆ, ಮಗುವಿಗೆ ಹಾಲು ಕೊಡಲು ಅನುಕೂಲವೆಂದು ಹೆರಿಗೆ ವಾರ್ಡಿಗೂ ಹೋಗುತ್ತದೆ. ವಾಪಸು ಬರುವಾಗ ಮೂರೂ ಒಂದೇ ಚೀಲ. ಚೀಲದ ಮೇಲೆ ಮಹಡಿಯ ನಂಬರಿದೆಯೇ ಹೊರತು ಕೋಣೆಯ ನಂಬರಿಲ್ಲ. ಅವಳು ಹಸಿರು ದಾರ ಹಾಕಿದ ಗೌನುಗಳನ್ನು ವಾರವಾರ ತಾನೇ ಹೊತ್ತುಕೊಂಡು ಹೋಗಿ ತಪಾಸಣೆ ಕೋಣೆಯ ಹುಡುಗಿಯ ಕೈಗೆ ಕೊಟ್ಟು, ಇದನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ಹೇಳಿ ಬಂದಿದ್ದಳು.

ಐದು ವಾರ. ಐದು ವಾರ ಆ ದಾರ ನನ್ನ ಕೈಯಲ್ಲೇ ಹಾದು ಹೋಗಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಪ್ಪತ್ತಾರು ವರ್ಷ ಬಟ್ಟೆ ಓದಿದವಳು ಅರ್ಧ ಪುಟ ಓದಿ ಪುಸ್ತಕ ಮುಚ್ಚಿದ್ದೆ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ್ದಕ್ಕಲ್ಲ, ನಾಲ್ಕು ಜನರೆದುರು ಸಿಕ್ಕಿಬಿದ್ದಿದ್ದಕ್ಕೆ. ಆಗಲಿ, ಈಗೇನು ಮಾಡಬೇಕಂತೆ ಎಂದೆ.

"ಗುರುವಾರ ಹತ್ತು ಗಂಟೆಗೆ. ನನ್ನ ಹೆಸರು ಬರೆಸಿದ್ದೀನಿ. ನಿಮ್ಮದೂ ಬರೆಸಿದ್ದೀನಿ."

"ನನ್ನ ಹೆಸರು ಬರೆಸೋಕೆ ನೀನ್ಯಾರು?"

"ಹೋದ ವರ್ಷ ನಾನು ಹೋಗದ ಹಾಗೆ ಮಾಡೋಕೆ ನೀವ್ಯಾರು?"

ದನಿ ಏರಿಸಲಿಲ್ಲ, ಎಂದಿನ ಮೆತ್ತಗಿನ ದನಿಯೇ. ಆದರೂ ಯಂತ್ರಗಳ ಗುಡುಗಿನ ನಡುವೆ ಎಲ್ಲರಿಗೂ ಕೇಳಿಸಿತು. ಅವಳು ತನ್ನ ಇಸ್ತ್ರಿ ಮೇಜಿಗೆ ಹೋಗಿ ಹಾಸಿಗೆ ಬಟ್ಟೆಗೆ ನೀರು ಚಿಮುಕಿಸತೊಡಗಿದಳು. ಉಳಿದವರೂ ನನ್ನ ಮುಖ ನೋಡದೆ ಚದುರಿದರು.

ಎರಡು ರಾಶಿಯೂ ನನ್ನ ಮುಂದೆಯೇ ಇತ್ತು. ಕೆಲಸ ನಿಲ್ಲುವಂತಿಲ್ಲ. ಹಸಿರು ದಾರದವುಗಳನ್ನು ಯಂತ್ರಕ್ಕೆ ಹಾಕಲು ಎತ್ತಿಕೊಂಡಾಗ ಒಂದು ಗೌನಿನ ಕಂಕುಳಿಗೆ ಕೈ ತಾಗಿತು. ಒದ್ದೆ ಒಣಗಿದ ಗಡಸು. ಇನ್ನೊಂದನ್ನು ಮುಟ್ಟಿ ನೋಡಿದೆ, ಮತ್ತೊಂದನ್ನು. ಹೊರಗೆ ತಣ್ಣನೆಯ ಗಾಳಿ ಬೀಸುವ ದಿನಗಳು ಅವು, ಮೇಲಿನ ಕೋಣೆಯಲ್ಲಿ ಸೆಕೆಯೂ ಇಲ್ಲ. ಹೆದರಿಕೆಯ ಬೆವರು ಹೇಗಿರುತ್ತದೆಂದು ನನಗೆ ಗೊತ್ತು. ಮೂವತ್ತೊಂದು ಹೆಂಗಸರಲ್ಲಿ ಹೆದರದೆ ಇದ್ದವರು ಹೆಚ್ಚೆಂದರೆ ನಾಲ್ಕೈದು ಜನ. ಉಳಿದವರೆಲ್ಲ ನನ್ನ ಹಾಗೇ ಹೆದರಿದ್ದರು, ಹೆದರಿಕೊಂಡೇ ಹೋಗಿ ಬಂದಿದ್ದರು. ಆ ಬಟ್ಟೆ ನನಗೆ ಅದನ್ನು ಹೇಳಿದಾಗ ಅಲ್ಲೇ ಚೀಲದ ಮೇಲೆ ಕೂತೆ.

ಯಾಕೆಂದರೆ ನನಗೆ ಆ ಯಂತ್ರದ ಹೆದರಿಕೆ ಯಾವತ್ತೂ ಇರಲಿಲ್ಲ. ಈಗ ಹೇಳಿಬಿಡುತ್ತೇನೆ. ರಕ್ತದ ಗೌನು ಸಿಕ್ಕಿದ್ದು ನನಗೊಂದು ನೆವ.

ನನ್ನ ಅಮ್ಮ ಸತ್ತದ್ದು ಎದೆಯ ಗಡ್ಡೆಯಿಂದ. ಎರಡು ವರ್ಷ ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಬಟ್ಟೆಯೊಳಗೆ ಹತ್ತಿ ಇಟ್ಟುಕೊಂಡು ಮನೆಗೆಲಸವೆಲ್ಲ ಮಾಡಿದಳು. ಕೊನೆಗೆ ವಾಸನೆ ಬಂದಾಗ ಅಪ್ಪನಿಗೆ ಗೊತ್ತಾಯಿತು, ಆಮೇಲೆ ಇದ್ದದ್ದು ನಾಲ್ಕೇ ತಿಂಗಳು. ಆಗ ನನಗೆ ಹತ್ತೊಂಬತ್ತು. ಮನೆಯ ಬಟ್ಟೆ ಒಗೆಯುತ್ತಿದ್ದವಳು ನಾನು. ಅಮ್ಮನ ಒಳಬಟ್ಟೆಯ ಮೇಲಿನ ಹಳದಿ ಕಲೆಯನ್ನು ನಾನು ಬಹಳ ಮೊದಲೇ ನೋಡಿದ್ದೆ. ಉಜ್ಜಿ ಉಜ್ಜಿ ತೆಗೆದಿದ್ದೆ. ಇದೇನಮ್ಮಾ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂದು ಹೆದರಿದ್ದೆ. ಮೂವತ್ತೈದು ವರ್ಷವಾದರೂ ನನ್ನ ಹೆದರಿಕೆ ಅದೇ. ಹೋದರೆ ಅವರು ಹೇಳಿಬಿಡುತ್ತಾರೆ. ಹೇಳದಿದ್ದರೆ ಇಲ್ಲವೇ ಇಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ, ನನ್ನ ಜೊತೆಗೆ ಇನ್ನೂ ನಾಲ್ಕು ಜನರನ್ನು ಕೂರಿಸಿಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಡಾ ಡಬ್ಬಿ ಎತ್ತಿದೆ. ಚೀಟಿಯ ಒಂದು ಮೂಲೆ ಸೋಡಾ ತಾಗಿ ಬೆಳ್ಳಗಾಗಿತ್ತು. ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡೆ.

ಗುರುವಾರ ಹತ್ತು ಗಂಟೆಗೆ ನಾವಿಬ್ಬರೂ ಮೂರನೇ ಮಹಡಿಯ ಬೆಂಚಿನ ಮೇಲೆ ಕೂತಿದ್ದೆವು. ಮೊದಲು ಓರಗಿತ್ತಿಯನ್ನು ಕರೆದರು. ಹತ್ತು ನಿಮಿಷಕ್ಕೆ ಹೊರಗೆ ಬಂದಳು. ಹೇಗಿತ್ತು ಎಂದು ಕಣ್ಣಲ್ಲೇ ಕೇಳಿದೆ. ಹೋಗಿ ನೋಡಿ, ನಾನು ಹೇಳಿದ್ರೆ ನೀವು ನಂಬ್ತೀರಾ ಎಂದು ಕಿಚಾಯಿಸಿದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಕಿಚಾಯಿಸಿದ್ದು ಅದೇ ಮೊದಲು.

ಒಳಗಿದ್ದ ಹುಡುಗಿಗೆ ನನ್ನ ಮಗಳ ವಯಸ್ಸು. ಫಿರಂಗಿಯ ಸುದ್ದಿ ಅವಳ ಕಿವಿಗೂ ಬಿದ್ದಿರಬೇಕು, ನನ್ನನ್ನು ನೋಡಿ ತಡವರಿಸಿದಳು. ಮೇಲಿನ ಬಟ್ಟೆ ತೆಗೆದು ಗೌನು ಹಾಕಿಕೊಳ್ಳಲು ಹೇಳಿದಳು. ಕುಟುಂಬದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಳು. ಇಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಅಮ್ಮನಿಗಿತ್ತು," ಅಂದೆ. ನಲವತ್ತೊಂಬತ್ತನೇ ವಯಸ್ಸಿಗೆ ಹೋದಳು, ಬರೆದುಕೊ ಅಂದೆ.

ಬರೆದುಕೊಂಡಳು. ಆಮೇಲೆ ಯಂತ್ರದ ಎದುರು ನಿಲ್ಲಿಸಿದಳು. ಹಲಗೆ ತಣ್ಣಗಿತ್ತು. ಅವಳು ಎದೆಯನ್ನು ಎತ್ತಿ ಹಲಗೆಯ ಮೇಲಿಟ್ಟು ಸರಿಪಡಿಸಿದ ರೀತಿ ನೋಡಿದರೆ, ನಾನು ದಿಂಬಿನ ಗವಸು ಮಡಿಸುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ನಾಚಿಕೆಯೂ ಇಲ್ಲ, ಕನಿಕರವೂ ಇಲ್ಲ, ಕೆಲಸ ಅಷ್ಟೇ. ಅದು ನನಗೆ ಹಿಡಿಸಿತು. ಮೇಲಿನ ಹಲಗೆ ಇಳಿಯಿತು. ನೋವಾಯಿತು, ಆಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇಕ್ಕಟ್ಟು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತಿದಷ್ಟು ನೋವು. ಉಸಿರು ಹಿಡಿಯಿರಿ ಅಂದಳು. ನಾನು ಮನಸ್ಸಿನಲ್ಲೇ ಎಣಿಸಿದೆ, ಎಂಟಕ್ಕೆ ಹಲಗೆ ಮೇಲೆದ್ದಿತು. ಹೀಗೆ ನಾಲ್ಕು ಸಲ. ಎಂಟೆದೆಯ ಹೆಂಗಸು ಎಂದು ಜನ ನನ್ನನ್ನು ಹೊಗಳುತ್ತಾರೆ, ಎರಡನ್ನು ತೋರಿಸುವಷ್ಟರಲ್ಲೇ ಸಾಕುಬೇಕಾಯಿತು ಎಂದು ಆ ಹುಡುಗಿಗೆ ಹೇಳಿದೆ. ಅವಳು ನಕ್ಕ ನಗುವಿಗೆ ಕೊನೆಯ ಫೋಟೋ ಎರಡು ನಿಮಿಷ ತಡವಾಯಿತು.

ಹೊರಗೆ ಬಂದಾಗ ನನಗೆ ಬಂದದ್ದು ಸಮಾಧಾನವಲ್ಲ, ಸಿಟ್ಟು. ಎಂಟು ಎಣಿಸುವಷ್ಟು ಹೊತ್ತಿನ ಕೆಲಸಕ್ಕೆ ಒಂಬತ್ತು ಚೀಟಿ ಬಿಸಾಕಿದ್ದೆ.

ಹತ್ತು ದಿನದ ಮೇಲೆ ಓರಗಿತ್ತಿಗೆ ಪತ್ರ ಬಂತು, ಎಲ್ಲ ಸರಿಯಿದೆ, ಮುಂದಿನ ವರ್ಷ ಮತ್ತೆ ಬನ್ನಿ ಎಂದು. ನನಗೆ ಪತ್ರ ಬರಲಿಲ್ಲ, ಫೋನು ಬಂತು. ಇನ್ನೊಂದು ಸಲ ನೋಡಬೇಕು, ಬನ್ನಿ ಎಂದರು. ಮನೆಯಲ್ಲಿ ಗಂಡ, ಆಸ್ಪತ್ರೆಯವರು ಯಾರಿಗೋ ಮಾಡುವ ಫೋನು ನಿನಗೆ ಮಾಡಿರಬೇಕು, ಸುಮ್ಮನೆ ಯಾಕೆ ಹೋಗ್ತೀಯ ಎಂದರು. ಅವರ ಮುಖ ನೋಡಿದೆ, ಬಿಳಿಚಿಕೊಂಡಿತ್ತು. ಪಾಪ, ಅವರೂ ನನ್ನ ಪಕ್ಷದವರೇ. ಹೆದರಿಕೆ ನಿಮಗಿದ್ದರೆ ಮನೆಯಲ್ಲಿರಿ, ನಾನು ಹೋಗಿ ಬರುತ್ತೇನೆ ಎಂದೆ. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬಂದರು.

ಎರಡನೇ ಸಲ ಇನ್ನೊಂದು ಯಂತ್ರದಲ್ಲಿ ನೋಡಿದರು, ಸೂಜಿ ಚುಚ್ಚಿ ಒಂದು ಚೂರು ತೆಗೆದರು. ವಾರದ ಮೇಲೆ ಡಾಕ್ಟರಮ್ಮ ಕೂರಿಸಿ ಮಾತಾಡಿದರು. ಎಡಗಡೆ ಇದೆ, ತೊಗರಿಕಾಳಿನಷ್ಟು. ಕೈಗೆ ಸಿಗುವಷ್ಟು ದೊಡ್ಡದಲ್ಲ. ಸುತ್ತಲಿನ ಸ್ವಲ್ಪ ಭಾಗದೊಂದಿಗೆ ತೆಗೆದರೆ ಸಾಕು, ಎದೆ ಪೂರ್ತಿ ತೆಗೆಯಬೇಕಾಗಿಲ್ಲ, ಆಮೇಲೆ ಕೆಲವು ವಾರ ವಿಕಿರಣ ಚಿಕಿತ್ಸೆ ಎಂದರು. ನಾನು ಒಂದೇ ಪ್ರಶ್ನೆ ಕೇಳಿದೆ, ಕೈಗೆ ಸಿಗುವವರೆಗೆ ಕಾದಿದ್ದರೆ? ಆಗ ನಮ್ಮಿಬ್ಬರ ಮಾತು ಬೇರೆಯೇ ಇರುತ್ತಿತ್ತು ಎಂದರು.

ಅಮ್ಮನಿಗೂ ಒಂದು ದಿನ ತೊಗರಿಕಾಳಿನಷ್ಟೇ ಇತ್ತು. ಆ ಕುರ್ಚಿಯಲ್ಲಿ ಕೂತಿದ್ದಾಗ ಅದು ಹೊಳೆದು ನನಗೆ ದುಃಖ ಒತ್ತರಿಸಿ ಬಂತು. ಅತ್ತುಬಿಟ್ಟೆ. ಡಾಕ್ಟರಮ್ಮ ನನಗಾಗಿ ಅತ್ತೆನೆಂದು ತಿಳಿದು ಭುಜ ತಟ್ಟಿದರು. ನಾನು ತಿದ್ದಲು ಹೋಗಲಿಲ್ಲ. ತೆಗೆದುಬಿಡಿ, ಬೇಗ ದಿನ ಕೊಡಿ ಎಂದು ಮೂಗು ಒರೆಸಿಕೊಂಡೆ.

ಮನೆಯಲ್ಲಿ ಅತ್ತೆಯವರು ಇದನ್ನು ಹೊರಗೆ ಆಡಬೇಡ ಅಂದರು. ಲಿವರಿನಲ್ಲಿ ಕಲ್ಲು ಎಂದೋ ಏನೋ ಹೇಳಿದರಾಯಿತು, ಜನ ಒಂದಕ್ಕೆ ಹತ್ತು ಸೇರಿಸುತ್ತಾರೆ ಎಂದು ಅವರ ಲೆಕ್ಕ. ಲಿವರಿನಲ್ಲಿ ಕಲ್ಲು ಆಗುವುದಿಲ್ಲ ಅತ್ತೆ ಎಂದೆ. ಮಾರನೆಯ ಬೆಳಿಗ್ಗೆ ಲಾಂಡ್ರಿಗೆ ಹೋಗಿ ಮೂರೂ ಯಂತ್ರಗಳ ಸ್ವಿಚ್ಚು ಆರಿಸಿದೆ. ಇಪ್ಪತ್ತಾರು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಆ ಜಾಗ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನೇ ಕೇಳಿರಲಿಲ್ಲ. ಮೂವರೂ ಬೆಚ್ಚಿ ನನ್ನತ್ತ ನೋಡಿದರು.

"ನನಗೆ ಎದೆಯಲ್ಲಿ ಕ್ಯಾನ್ಸರಿದೆ. ಚಿಕ್ಕದು, ತೆಗೀತಾರೆ. ಆ ಗೌನು ತೋರಿಸಿ ನಿಮಗೆ ಹೇಳಿದ್ದೆಲ್ಲ ತಪ್ಪು. ನಾನು ಹೆದರಿದ್ದೆ, ನಿಮ್ಮನ್ನೂ ಹೆದರಿಸಿದೆ."

ನಾನು ತಪ್ಪು ಎಂದು ಹೇಳಿದ್ದನ್ನು ಅವರು ಯಾರೂ ಕೇಳಿದವರಲ್ಲ. ಕ್ಯಾನ್ಸರಿಗಿಂತ ಅದಕ್ಕೇ ಹೆಚ್ಚು ಗಾಬರಿಯಾದಂತೆ ಕಂಡರು. ಒಗೆಯುವ ಯಂತ್ರದ ಉದ್ದನೆಯವಳು ಅಳತೊಡಗಿದಳು. ಅವಳೂ ಮಡಿಸುವ ಮೇಜಿನ ಕುಳ್ಳಿಯೂ ಅಂದೇ ಹೆಸರು ಬರೆಸಿದರು. ಬಾಯ್ಲರ್ ನೋಡಿಕೊಳ್ಳುವವಳು ಮಾತ್ರ ಬರೆಸಲಿಲ್ಲ. ಆಗ ಬೇಡ ಅಂದಿರಿ, ಈಗ ಬೇಕು ಅಂತೀರಿ, ನೀವು ಹೇಳಿದ ಹಾಗೆಲ್ಲ ಕುಣಿಯೋಕೆ ನಾನೇನು ಬುಗುರಿಯಾ ಎಂದು ಸಿಡುಕಿದಳು. ಹಳೆಯ ನಾನಾಗಿದ್ದರೆ ಅವಳಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಅವಳು ಹೇಳಿದ್ದು ನ್ಯಾಯವೇ. ಬಿಡು, ನಾನು ಹೇಳಿದ್ದಕ್ಕೆ ಹೋಗಬೇಡ, ಆದರೆ ನಾನು ಹೇಳಿದ್ದಕ್ಕೆ ಹೋಗದೆಯೂ ಇರಬೇಡ ಎಂದು ಸ್ವಿಚ್ಚು ಹಾಕಿದೆ. ಅವಳು ಇನ್ನೂ ಹೋಗಿಲ್ಲ. ದಿನಾ ಬೆಳಿಗ್ಗೆ ನಾನು ಕೇಳುತ್ತೇನೆ, ದಿನಾ ಅವಳು ಬೈಯುತ್ತಾಳೆ. ಕೇಳುವುದನ್ನು ನಾನು ಬಿಡುವುದಿಲ್ಲ.

ಆಪರೇಷನ್ನಿನ ದಿನ ಗಂಡನನ್ನು ಕೆಳಗೆ ಕಾಗದಪತ್ರಕ್ಕೆ ಕಳಿಸಿ ಓರಗಿತ್ತಿ ನನ್ನ ಜೊತೆ ನಿಂತಳು. ನನ್ನ ಬಳೆ, ಓಲೆ ಎಲ್ಲ ಬಿಚ್ಚಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಿದ್ದಳು. ಆಪರೇಷನ್ ಕೋಣೆಯ ಬಾಗಿಲು ಕಾರಿಡಾರಿನ ಆ ತುದಿಯಲ್ಲಿತ್ತು. ತಳ್ಳುಕುರ್ಚಿ ಹಿಡಿದುಕೊಂಡು ಬಂದವನಿಗೆ, ನನ್ನ ಕಾಲಿಗೇನೂ ಆಗಿಲ್ಲಪ್ಪ, ನೀನು ಹೋಗು ಎಂದು ಗದರಿ ಕಳಿಸಿದೆ. ಗದರಿದ್ದೇನೋ ಆಯಿತು, ಹೆಜ್ಜೆ ಮಾತ್ರ ಏಳಲಿಲ್ಲ.

ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಹೆದರಿಕೆ ಆಗ್ತಿದೆಯಾ ಅಕ್ಕಾ?"

ಹತ್ತೊಂಬತ್ತನೇ ವಯಸ್ಸಿನಿಂದ ಈ ಪ್ರಶ್ನೆಗೆ ನನ್ನ ಹತ್ತಿರ ಇಲ್ಲ ಎಂಬ ಒಂದೇ ಉತ್ತರವಿತ್ತು, ಯಾರು ಕೇಳಿದರೂ, ಯಾವುದರ ಬಗ್ಗೆ ಕೇಳಿದರೂ.

"ಆಗ್ತಿದೆ ಕಣೇ. ತುಂಬಾ ಆಗ್ತಿದೆ."

"ಆಗ್ಲಿ ಬಿಡಿ," ಅಂದಳು. "ನಡೀರಿ, ಕಾಯ್ತಿದ್ದಾರೆ."

ನಡೆದೆ.